ಡಯಾಲಿಸಿಸ್ ಸೂಜಿ ಚುಚ್ಚಿದೆ, ರೋಗಿಗೆ ಹೆಪಟೈಟಿಸ್ ಸಿ ಇದೆ: ನನಗೂ ಬರುತ್ತದೆಯೇ?

ಪ್ರಶ್ನೆ: ನಾನು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಸ್ಟಾಫ್ ನರ್ಸ್. ಹನ್ನೊಂದು ದಿನಗಳ ಹಿಂದೆ ರೋಗಿಯ ಕೈಯಿಂದ ಫಿಸ್ಟುಲಾ ಸೂಜಿ (ಡಯಾಲಿಸಿಸ್‌ಗಾಗಿ ರಕ್ತನಾಳಕ್ಕೆ ಹಾಕುವ ಸೂಜಿ) ತೆಗೆದು ಟ್ರೇನಲ್ಲಿಟ್ಟು ಕೊಂಡೊಯ್ಯುತ್ತಿದ್ದೆ. ಪಕ್ಕದ ಬೆಡ್‌ನವರ ಬಿಪಿ ಇಳಿಯಿತೆಂದು ಅವಸರದಲ್ಲಿ ತಿರುಗಿದಾಗ ಸೂಜಿ ಗ್ಲೌಸ್ ದಾಟಿ ಎಡಗೈ ತೋರುಬೆರಳಿಗೆ ಚುಚ್ಚಿತು. ರಕ್ತ ಹಿಂಡಿ ತೆಗೆದು ಸ್ಪಿರಿಟ್ ಹಚ್ಚಿದೆ. ಆ ರೋಗಿಗೆ ಹೆಪಟೈಟಿಸ್ ಸಿ ಪಾಸಿಟಿವ್ ಇದೆ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಕಳೆದ ತಿಂಗಳ ವರದಿಯಲ್ಲಿ ನೆಗೆಟಿವ್. ಇನ್‌ಚಾರ್ಜ್ ಅವರು ‘ಏನೂ ಆಗುವುದಿಲ್ಲ, ಆರು ತಿಂಗಳ ನಂತರ ಟೆಸ್ಟ್ ಮಾಡಿಸು’ ಎಂದರೇ ಹೊರತು ಎಲ್ಲಿಯೂ ಬರೆದುಕೊಳ್ಳಲಿಲ್ಲ. ಮೂರನೇ ದಿನದಿಂದ ಸುಸ್ತು, ಹೊಟ್ಟೆಯ ಬಲಭಾಗದಲ್ಲಿ ನೋವು. ಎಂಟು ತಿಂಗಳ ಮಗುವಿಗೆ ಹಾಲುಣಿಸುವುದನ್ನು ಬಿಟ್ಟು, ಹಾಲನ್ನು ಹಿಂಡಿ ಚೆಲ್ಲುತ್ತಿದ್ದೇನೆ. ಗಂಡನಿಗೆ ಇನ್ನೂ ಹೇಳಿಲ್ಲ. ನೆಲನೆಲ್ಲಿ ಕಷಾಯ ಕುಡಿಯುತ್ತಿದ್ದೇನೆ. ಮುಂಜಾಗ್ರತೆಗೆ ಹೆಪಟೈಟಿಸ್ ಸಿ ಔಷಧವಾದ ಸೊಫೊಸ್ಬುವಿರ್ ಮಾತ್ರೆ ಶುರು ಮಾಡು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ. ಮಾಡಲೇ? ಪಾಸಿಟಿವ್ ಬಂದರೆ ಕೆಲಸ ಹೋಗುತ್ತದೆಯೇ?

ಉತ್ತರ: ಸಿಸ್ಟರ್, ಮಿಕ್ಕ ಮಾತುಗಳಿಗೆ ಮೊದಲು ಎರಡು ವಿಷಯ ಹೇಳಿಬಿಡುತ್ತೇನೆ. ಮಗುವಿಗೆ ಹಾಲುಣಿಸುವುದನ್ನು ನಿಲ್ಲಿಸುವ ಅಗತ್ಯವಿರಲಿಲ್ಲ. ಈ ಉತ್ತರ ಓದಿದ ಕೂಡಲೇ ಮತ್ತೆ ಆರಂಭಿಸಿ. ಹಾಗೆಯೇ, ನಿಮಗೆ ಸೋಂಕು ತಗುಲಿದೆಯೇ ಇಲ್ಲವೇ ಎಂದು ತಿಳಿಯಲು ಆರು ತಿಂಗಳು ಕಾಯಬೇಕಾಗಿಲ್ಲ. ಸರಿಯಾದ ಪರೀಕ್ಷೆಯನ್ನು ಸರಿಯಾದ ವಾರದಲ್ಲಿ ಮಾಡಿಸಿದರೆ ಇನ್ನು ಕೆಲವೇ ವಾರಗಳಲ್ಲಿ ನಿಮಗೆ ಹೆಚ್ಚುಕಡಿಮೆ ಖಚಿತವಾದ ಉತ್ತರ ಸಿಗುತ್ತದೆ.

ಈಗ ಅಪಾಯ ಎಷ್ಟು ಎಂಬ ವಿಚಾರಕ್ಕೆ ಬರೋಣ. ಹೆಪಟೈಟಿಸ್ ಸಿ ಇರುವವರ ರಕ್ತ ತಗುಲಿದ ಸೂಜಿ ಚುಚ್ಚಿದರೆ ನೂರರಲ್ಲಿ ಸುಮಾರು 1.8 ಮಂದಿಗೆ ಸೋಂಕು ಬರುತ್ತದೆಂದು ನಾವು ಬಹಳ ವರ್ಷ ಕಲಿತು, ಕಲಿಸಿಕೊಂಡು ಬಂದೆವು. ಆ ಬಳಿಕ ಹೆಚ್ಚು ಜನರನ್ನು ಅನುಸರಿಸಿ ನೋಡಿದ ಅಧ್ಯಯನಗಳ ಆಧಾರದ ಮೇಲೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಆ ಪ್ರಮಾಣವನ್ನು ಶೇ 0.2ಕ್ಕೆ ಇಳಿಸಿದೆ. ಅಂದರೆ ಸಾವಿರ ಮಂದಿಗೆ ಹೀಗೆ ಚುಚ್ಚಿದರೆ ಇಬ್ಬರಿಗೆ ಸೋಂಕು ತಗಲಬಹುದು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ವಿಷಯದಲ್ಲಿ ಇದೇ ಪ್ರಮಾಣ, ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎನ್ನುವುದನ್ನು ಅವಲಂಬಿಸಿ, ಶೇ 6ರಿಂದ 30ರವರೆಗೆ ಇರುತ್ತದೆ; ಎಚ್‌ಐವಿ ವಿಷಯದಲ್ಲಿ ಸುಮಾರು ಶೇ 0.3. ಆದರೂ ನಿಮ್ಮ ಗಾಯವನ್ನು ತೀರಾ ಹಗುರವೆಂದು ನಾನು ಹೇಳುವುದಿಲ್ಲ. ಫಿಸ್ಟುಲಾ ಸೂಜಿ ಒಳಗೆ ಟೊಳ್ಳಾಗಿರುತ್ತದೆ, ಸಾಮಾನ್ಯ ಇಂಜೆಕ್ಷನ್ ಸೂಜಿಗಿಂತ ಬಹಳ ದಪ್ಪ, ರೋಗಿಯ ರಕ್ತನಾಳದಿಂದ ಆಗಷ್ಟೇ ಹೊರಬಂದದ್ದು, ಮತ್ತು ನಿಮ್ಮ ಬೆರಳಿನಿಂದ ರಕ್ತ ಬಂದಿದೆ. ಹೊಲಿಗೆ ಹಾಕುವ ಗಟ್ಟಿ ಸೂಜಿ ತರಚಿದ ಗಾಯಕ್ಕೂ ಇದಕ್ಕೂ ವ್ಯತ್ಯಾಸವಿದೆ. ಗ್ಲೌಸ್ ದಾಟುವಾಗ ಸೂಜಿಯ ಹೊರಮೈ ಮೇಲಿನ ರಕ್ತ ಒಂದಿಷ್ಟು ಒರೆಸಿಹೋಗಿರುತ್ತದೆ ಎನ್ನುವುದು ನಿಮ್ಮ ಪಾಲಿಗೆ ಒಳ್ಳೆಯ ಅಂಶ. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ನಿಮಗೆ ಸೋಂಕು ತಗುಲದೆ ಇರುವ ಸಾಧ್ಯತೆಯೇ ಬಹುಪಾಲು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮುಖ್ಯ ಮಾಹಿತಿ ಆ ರೋಗಿಯ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ. ಡಯಾಲಿಸಿಸ್ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಎಚ್‌ಸಿವಿ ಪಾಸಿಟಿವ್’ ಎಂದು (ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್) ಬರೆದಿದ್ದರೆ ಬಹುತೇಕ ಅದು ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ) ಪರೀಕ್ಷೆಯ ಫಲಿತಾಂಶವಾಗಿರುತ್ತದೆ. ಆ ವ್ಯಕ್ತಿಯ ದೇಹ ಯಾವುದೋ ಒಂದು ಕಾಲದಲ್ಲಿ ಈ ವೈರಸ್ಸನ್ನು ಎದುರಿಸಿತ್ತು ಎನ್ನುವುದನ್ನು ಮಾತ್ರ ಅದು ಹೇಳುತ್ತದೆ. ಇವತ್ತು ರಕ್ತದಲ್ಲಿ ವೈರಸ್ ಇದೆ ಎಂದಲ್ಲ. ಸೋಂಕಿತರಲ್ಲಿ ಸರಿಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಮಂದಿಯಲ್ಲಿ ಆರು ತಿಂಗಳೊಳಗೆ ವೈರಸ್ ತಾನಾಗಿಯೇ ಹೋಗಿಬಿಡುತ್ತದೆ, ಇನ್ನು ಕೆಲವರು ಚಿಕಿತ್ಸೆ ಪಡೆದು ಗುಣವಾಗಿರುತ್ತಾರೆ. ಇವರೆಲ್ಲರಲ್ಲೂ ಪ್ರತಿಕಾಯ ಉಳಿದೇ ಇರುವುದರಿಂದ ಫೈಲಿನ ಮೇಲಿನ ಬರಹ ವರ್ಷಗಟ್ಟಲೆ ಹಾಗೆಯೇ ಮುಂದುವರಿಯುತ್ತದೆ. ಆದ್ದರಿಂದ ನಿಮ್ಮ ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞ) ಅವರಲ್ಲಿ, ರೋಗಿಯ ಒಪ್ಪಿಗೆ ಪಡೆದು, ರಕ್ತದಲ್ಲಿ ಈಗ ವೈರಸ್ ಇದೆಯೇ ಎಂದು ನೋಡುವ ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಮಾಡಿಸುವಂತೆ ಕೇಳಿ. ಅದರಲ್ಲಿ ವೈರಸ್ ಪತ್ತೆಯಾಗದಿದ್ದರೆ ನಿಮಗೆ ಹೆಪಟೈಟಿಸ್ ಸಿ ವಿಷಯದಲ್ಲಿ ಮುಂದಿನ ಯಾವ ಪರೀಕ್ಷೆಯ ಅಗತ್ಯವೂ ಇರುವುದಿಲ್ಲ; ನಿಮ್ಮ ಚಿಂತೆ ಅಲ್ಲಿಗೇ ಮುಗಿಯುತ್ತದೆ. ಇಷ್ಟು ದಿನ ಯಾರೂ ಈ ಒಂದು ಪ್ರಶ್ನೆಯನ್ನು ಕೇಳದೆ ನಿಮ್ಮನ್ನು ಭಯದಲ್ಲಿ ಬಿಟ್ಟದ್ದು ನನಗೆ ಬೇಸರ ತರುತ್ತದೆ.

ರೋಗಿಯಲ್ಲಿ ವೈರಸ್ ಇದ್ದರೆ, ಅಥವಾ ಅವರ ಪರೀಕ್ಷೆ ಸಾಧ್ಯವಾಗದಿದ್ದರೆ, ನಿಮ್ಮ ಪರೀಕ್ಷೆಗಳ ಕ್ರಮ ಹೀಗಿರಲಿ. ಚುಚ್ಚಿದ 48 ಗಂಟೆಯೊಳಗೆ ಒಂದು ಆರಂಭಿಕ ಪ್ರತಿಕಾಯ ಪರೀಕ್ಷೆ ಆಗಬೇಕಿತ್ತು. ಹನ್ನೊಂದು ದಿನ ಕಳೆದಿದೆಯಲ್ಲ ಎಂದು ಅದನ್ನು ಕೈಬಿಡಬೇಡಿ, ನಾಳೆಯೇ ಮಾಡಿಸಿ. ಹೊಸದಾಗಿ ಸೋಂಕು ತಗುಲಿದವರಲ್ಲಿ ಪ್ರತಿಕಾಯ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎಂಟರಿಂದ ಹನ್ನೊಂದು ವಾರ ಬೇಕು. ಹೀಗಾಗಿ ಹನ್ನೆರಡನೇ ದಿನ ಅದು ನೆಗೆಟಿವ್ ಬಂದರೆ, ಈ ಘಟನೆಗೆ ಮುಂಚೆ ನಿಮಗೆ ಹೆಪಟೈಟಿಸ್ ಸಿ ಇರಲಿಲ್ಲ ಎನ್ನುವುದಕ್ಕೆ ಅದು ಈಗಲೂ ಒಳ್ಳೆಯ ದಾಖಲೆಯೇ. ಅದರ ಮಹತ್ವವನ್ನು ಮುಂದೆ ಹೇಳುತ್ತೇನೆ. ಅದರ ಜೊತೆಗೆ ಲಿವರ್‌ಗೆ ತೊಂದರೆಯಾಗಿದೆಯೇ ಎಂದು ತೋರಿಸುವ ಎಸ್‌ಜಿಪಿಟಿ ಕೂಡ ನೋಡಿಸಿ. ಎರಡನೆಯದು, ಚುಚ್ಚಿದ ದಿನದಿಂದ ಮೂರು ವಾರ ತುಂಬಿದ ಮೇಲೆ ಆರು ವಾರದೊಳಗೆ ಮಾಡಿಸಬೇಕಾದ ಆರ್‌ಎನ್‌ಎ ಪರೀಕ್ಷೆ. ನಿಮಗೆ ನಿಜವಾದ ಉತ್ತರ ಕೊಡುವುದು ಇದೇ, ಏಕೆಂದರೆ ವೈರಸ್ ರಕ್ತದಲ್ಲಿ ಒಂದೆರಡು ವಾರಗಳಲ್ಲೇ ಪತ್ತೆಯಾಗುವಷ್ಟು ಬೆಳೆಯುತ್ತದೆ. ಆತಂಕ ತಡೆಯಲಾಗದೆ ಈಗಲೇ ಆರ್‌ಎನ್‌ಎ ಮಾಡಿಸಿದರೆ ನೆಗೆಟಿವ್ ಬಂದರೂ ಮತ್ತೆ ಮಾಡಿಸಲೇಬೇಕಾಗುತ್ತದೆ. ಖಾಸಗಿ ಲ್ಯಾಬ್‌ನಲ್ಲಿ ಅದಕ್ಕೆ ಸಾವಿರಾರು ರೂಪಾಯಿ ತಗಲುವುದರಿಂದ ಸ್ವಲ್ಪ ತಡೆದು ಮಾಡಿಸುವುದೇ ಮೇಲು. ಮೂರನೆಯದಾಗಿ, ನಾಲ್ಕರಿಂದ ಆರು ತಿಂಗಳ ನಡುವೆ ಇನ್ನೊಮ್ಮೆ ಪ್ರತಿಕಾಯ ಪರೀಕ್ಷೆ, ಪಾಸಿಟಿವ್ ಬಂದರೆ ಜೊತೆಗೇ ಆರ್‌ಎನ್‌ಎ. ಸೋಂಕಿನ ಆರಂಭದ ತಿಂಗಳುಗಳಲ್ಲಿ ವೈರಸ್ ಪ್ರಮಾಣ ಏರಿಳಿಯುವುದುಂಟು, ಹಾಗಾಗಿ ಈ ಕೊನೆಯ ಪರೀಕ್ಷೆ ಬೇಕು. ನಿಮ್ಮ ಇನ್‌ಚಾರ್ಜ್ ಹೇಳಿದ ಆರು ತಿಂಗಳು ಇದೇ ಇರಬೇಕು. ಆದರೆ ಅದು ಕೊನೆಯ ಪರೀಕ್ಷೆ, ಮೊದಲನೆಯದಲ್ಲ.

ಸುಸ್ತು ಮತ್ತು ಹೊಟ್ಟೆನೋವಿನ ಬಗ್ಗೆ ಕೇಳಿದ್ದೀರಿ. ಹೆಪಟೈಟಿಸ್ ಸಿ ಸೋಂಕು ತಗುಲಿ ಲಕ್ಷಣ ಕಾಣಿಸಲು ಕನಿಷ್ಠ ಎರಡು ವಾರ ಹಿಡಿಯುತ್ತದೆ, ಕೆಲವೊಮ್ಮೆ ಆರು ತಿಂಗಳೂ ಆಗಬಹುದು, ಮತ್ತು ಹತ್ತರಲ್ಲಿ ಎಂಟು ಮಂದಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಮೂರನೇ ದಿನ ಶುರುವಾದ ನೋವು ಈ ವೈರಸ್ಸಿನದಾಗಲು ಸಾಧ್ಯವಿಲ್ಲ. ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ನಿದ್ದೆಗೆಟ್ಟು, ಊಟ ಬಿಟ್ಟು, ಎದೆಹಾಲನ್ನು ಹಿಂಡಿ ಚೆಲ್ಲುತ್ತಾ, ಯಾರಿಗೂ ಹೇಳಿಕೊಳ್ಳದೆ ಹನ್ನೊಂದು ದಿನ ಡ್ಯೂಟಿ ಮಾಡಿದ ದೇಹಕ್ಕೆ ಸುಸ್ತಾಗದೆ ಇರುತ್ತದೆಯೇ? ನೋವು ಮುಂದುವರಿದರೆ ಅದಕ್ಕೆ ಬೇರೆ ಕಾರಣವಿದೆಯೇ ಎಂದು ವೈದ್ಯರಿಗೆ ತೋರಿಸಿಕೊಳ್ಳಿ.

ಮಗುವಿನ ವಿಷಯ. ಎದೆಹಾಲಿನಿಂದ ಹೆಪಟೈಟಿಸ್ ಸಿ ಹರಡುವುದಿಲ್ಲ. ಸೋಂಕು ಖಚಿತವಾಗಿರುವ ತಾಯಂದಿರಿಗೂ ನಾವು ಹಾಲುಣಿಸಿ ಎಂದೇ ಹೇಳುತ್ತೇವೆ. ಮೊಲೆತೊಟ್ಟು ಬಿರುಕುಬಿಟ್ಟು ರಕ್ತ ಬರುತ್ತಿದ್ದರೆ ಅದು ವಾಸಿಯಾಗುವ ತನಕ ಮಾತ್ರ ಬಿಡಬೇಕು. ನೀವು ಹಿಂಡುತ್ತಲೇ ಇರುವುದರಿಂದ ಹಾಲು ಬತ್ತಿರುವುದಿಲ್ಲ. ಎಂಟು ತಿಂಗಳ ಮಗು ಮೊದಲೆರಡು ದಿನ ಹಟ ಮಾಡಬಹುದು; ನಿದ್ದೆಗಣ್ಣಿನಲ್ಲಿದ್ದಾಗ ಎದೆಗೆ ಹಾಕಿಕೊಳ್ಳಿ, ಸಾಮಾನ್ಯವಾಗಿ ಮತ್ತೆ ಹಿಡಿಯುತ್ತದೆ. ಮುತ್ತು ಕೊಡುವುದು, ಒಂದೇ ತಟ್ಟೆಯಲ್ಲಿ ಉಣ್ಣುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು ಇವುಗಳಿಂದ ಯಾರಿಗೂ ಇದು ಬರುವುದಿಲ್ಲ.

ಗಂಡನಿಗೆ ಹೇಳಿ ಎನ್ನುವುದು ನನ್ನ ಸಲಹೆ, ಆದರೆ ಅವರಿಗೆ ಅಪಾಯವಿದೆ ಎಂಬ ಕಾರಣಕ್ಕಲ್ಲ. ಗಂಡಹೆಂಡಿರ ನಡುವೆ ಲೈಂಗಿಕ ಸಂಪರ್ಕದಿಂದ ಹೆಪಟೈಟಿಸ್ ಸಿ ಹರಡುವುದು ಬಲು ಅಪರೂಪ, ಮತ್ತು ಸೂಜಿ ಚುಚ್ಚಿದ ಕಾರಣಕ್ಕೆ ದಾಂಪತ್ಯದಲ್ಲಿ ಯಾವ ಬದಲಾವಣೆಯನ್ನೂ ಮಾಡಿಕೊಳ್ಳಬೇಕಾಗಿಲ್ಲ. ಕೊನೆಯ ಪರೀಕ್ಷೆ ಆಗುವವರೆಗೆ ರಕ್ತದಾನ ಮಾಡಬೇಡಿ. ಶೇವಿಂಗ್ ಬ್ಲೇಡು, ಉಗುರು ಕತ್ತರಿಸುವ ಕಟರ್, ಟೂತ್‌ಬ್ರಷ್ ಇವನ್ನು ಬೇರೆಯಾಗಿಡಿ. ಎಚ್ಚರಿಕೆ ಇಷ್ಟು ಸಾಕು. ಹೇಳಿ ಎನ್ನುವುದು ನಿಮ್ಮ ಸಲುವಾಗಿ: ಮನೆಯಲ್ಲಿ ಯಾರೂ ಅರಿಯದ ಭಯವನ್ನು ಆರು ವಾರ ಒಬ್ಬರೇ ಹೊರುವುದು ಬೇಡ.

ಮಾತ್ರೆಯ ವಿಷಯಕ್ಕೆ ಬಂದರೆ, ಸೊಫೊಸ್ಬುವಿರ್ ಶುರು ಮಾಡಬೇಡಿ. ಎಚ್‌ಐವಿಗೆ ಇರುವಂತಹ ಮುಂಜಾಗ್ರತಾ ಚಿಕಿತ್ಸೆ ಹೆಪಟೈಟಿಸ್ ಸಿಗೆ ಇಲ್ಲ. ಲಸಿಕೆಯೂ ಇಲ್ಲ, ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಾದ ಇಮ್ಯುನೋಗ್ಲೋಬ್ಯುಲಿನ್‌ನಿಂದಲೂ ಪ್ರಯೋಜನವಿಲ್ಲ. ಸಾವಿರದಲ್ಲಿ ಇಬ್ಬರಿಗೆ ಬರಬಹುದಾದ ಸೋಂಕಿಗಾಗಿ ಮಿಕ್ಕ 998 ಮಂದಿಗೆ ಔಷಧ ಕೊಡುವುದು ನ್ಯಾಯವಲ್ಲ ಎನ್ನುವುದು ಒಂದು ಕಾರಣ. ಇನ್ನೂ ದೊಡ್ಡ ಕಾರಣವೆಂದರೆ, ಸೋಂಕು ಖಚಿತವಾದ ಮೇಲೆ ಚಿಕಿತ್ಸೆ ಕೊಟ್ಟರೂ ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ, ಹೀಗಾಗಿ ಕಾದುನೋಡುವುದರಿಂದ ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ. ಅರ್ಧಂಬರ್ಧ ಮಾತ್ರೆ ನುಂಗಿದರೆ ಪರೀಕ್ಷೆಯ ಫಲಿತಾಂಶ ಗೊಂದಲವಾಗುತ್ತದೆ, ಹಾಲುಣಿಸುವ ತಾಯಂದಿರಲ್ಲಿ ಈ ಔಷಧಗಳ ಬಗ್ಗೆ ಸಾಕಷ್ಟು ಅಧ್ಯಯನವೂ ಆಗಿಲ್ಲ. ನೆಲನೆಲ್ಲಿ ಕಷಾಯವನ್ನೂ ನಿಲ್ಲಿಸಿ. ಕಾಮಾಲೆ ಎಂದರೆ ನೆಲನೆಲ್ಲಿ ಎನ್ನುವ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ, ಆದರೆ ಅದು ಹೆಪಟೈಟಿಸ್ ಸಿ ವೈರಸ್ಸನ್ನು ತೆಗೆಯುತ್ತದೆ ಎನ್ನಲು ಆಧಾರವಿಲ್ಲ. ಅಂಗಡಿಯಿಂದ ತಂದ ಪುಡಿಯಲ್ಲಿ ಬೇರೆ ಏನು ಸೇರಿದೆಯೋ ಹೇಳಲಾಗದು, ಕೆಲವು ಗಿಡಮೂಲಿಕೆಗಳಿಂದ ಎಸ್‌ಜಿಪಿಟಿಯೇ ಏರುತ್ತದೆ. ಆಗ ಇಲ್ಲದ ಕಾಯಿಲೆಗೆ ನೀವು ಹೆದರಬೇಕಾಗುತ್ತದೆ.

ಒಂದು ವೇಳೆ ಆರ್‌ಎನ್‌ಎ ಪಾಸಿಟಿವ್ ಬಂದರೂ ಏನಾಗುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ನಿಮ್ಮ ಭಯದ ಬೇರು ಇಲ್ಲಿದೆ. ಈ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ಅದಕ್ಕೆ ಸಂಬಂಧಿಸಿದ ಕೆಲಸಕ್ಕಾಗಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಬಂತು. ಮೊದಲ ಎರಡು ದಶಕ ನಮ್ಮ ಕೈಯಲ್ಲಿದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್. ಆರು ತಿಂಗಳಿಂದ ಒಂದು ವರ್ಷ ಚುಚ್ಚಿಸಿಕೊಳ್ಳಬೇಕಿತ್ತು, ಜ್ವರ, ಮೈಕೈ ನೋವು, ಖಿನ್ನತೆ ತಪ್ಪುತ್ತಿರಲಿಲ್ಲ, ಅಷ್ಟು ಮಾಡಿಯೂ ಬಹಳ ಮಂದಿ ಗುಣವಾಗುತ್ತಿರಲಿಲ್ಲ. ನಿಮ್ಮ ಹಿರಿಯ ಸಿಸ್ಟರ್‌ಗಳ ಮಾತಿನಲ್ಲಿ ಈಗಲೂ ಕೇಳಿಬರುವ ಹೆದರಿಕೆ ಆ ಕಾಲದ್ದು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಅನುಮತಿ ಸಿಕ್ಕಿತು. 2015ರಿಂದ ಭಾರತದ ಕಂಪನಿಗಳೇ ಅದನ್ನು ತಯಾರಿಸತೊಡಗಿದ್ದರಿಂದ ಬೆಲೆ ನಮ್ಮ ಕೈಗೆಟಕುವಂತಾಯಿತು. ಲಿವರ್ ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವುದು) ಇಲ್ಲದವರಿಗೆ ಈಗ ಹನ್ನೆರಡು ವಾರಗಳ ಮಾತ್ರೆ ಸಾಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಅಥವಾ ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ತಾನಾಗಿಯೇ ಹೋಗುತ್ತದೆಯೇ ಎಂದು ತಿಂಗಳುಗಟ್ಟಲೆ ಕಾಯುವ ಹಳೆಯ ಪದ್ಧತಿಯೂ ಈಗಿಲ್ಲ. ವೈರಸ್ ದೇಹದಲ್ಲಿ ಉಳಿದುಬಿಟ್ಟ ನೂರು ಮಂದಿಯಲ್ಲಿ ಹದಿನೈದರಿಂದ ಮೂವತ್ತು ಮಂದಿಗೆ ಸಿರೋಸಿಸ್ ಆಗಲು ಇಪ್ಪತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ನೀವು ಅದನ್ನು ವಾರಗಳಲ್ಲೇ ಪತ್ತೆ ಹಚ್ಚುವ ಸ್ಥಿತಿಯಲ್ಲಿದ್ದೀರಿ.

ಹೆಪಟೈಟಿಸ್ ಬಿ ವಿಚಾರವನ್ನು ನೀವು ದಾಟಿಹೋಗಿದ್ದೀರಿ. ರೋಗಿಗೆ ಅದು ನೆಗೆಟಿವ್ ಇರುವುದರಿಂದ ಈ ಸಲ ಚಿಂತೆಯಿಲ್ಲ. ಆದರೆ ನರ್ಸಿಂಗ್ ಓದುವಾಗ ಮೂರು ಡೋಸ್ ಹಾಕಿಸಿಕೊಂಡಿದ್ದೀರಾ, ಅದರ ಬಳಿಕ ಪ್ರತಿಕಾಯದ ಮಟ್ಟ ಎಂದಾದರೂ ನೋಡಿಸಿದ್ದೀರಾ? ನಾಳೆ ರಕ್ತ ಕೊಡುವಾಗ ಅದನ್ನೂ ಕೇಳಿ. 10 mIU/mLಗಿಂತ ಕಡಿಮೆ ಇದ್ದರೆ ಮತ್ತೆ ಲಸಿಕೆಯ ಬಗ್ಗೆ ವೈದ್ಯರೊಡನೆ ಮಾತನಾಡಿ. ಇದನ್ನು ಓದುತ್ತಿರುವ ಬೇರೆ ಸಿಬ್ಬಂದಿಗೆ, ಮುಖ್ಯವಾಗಿ ವಾರ್ಡ್ ಗುಡಿಸುವವರಿಗೂ ಕಸದ ಚೀಲ ಎತ್ತುವವರಿಗೂ ಒಂದು ಮಾತು: ಸೂಜಿ ಚುಚ್ಚಿದ ತಕ್ಷಣ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡುವುದರಿಂದ ವೈರಸ್ ಹೊರಬರುವುದಿಲ್ಲ, ಸ್ಪಿರಿಟ್ ಅಥವಾ ಬ್ಲೀಚ್ ಬೇಡ, ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬೇಡಿ. ಯಾರ ಸೂಜಿ ಎಂದು ಗೊತ್ತಿಲ್ಲದಿದ್ದರೆ ಅಥವಾ ರೋಗಿಗೆ ಎಚ್‌ಐವಿ ಇದ್ದರೆ, ಅದರ ಮುಂಜಾಗ್ರತಾ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ಎಷ್ಟೇ ತಡವಾದರೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಗಂಟೆಗಳ ಲೆಕ್ಕ ಇರುವುದು ಈ ಎರಡಕ್ಕೆ. ಹೆಪಟೈಟಿಸ್ ಸಿ ಎಂದು ಹೆದರಿ ಕೂತು ಇವೆರಡನ್ನು ಮರೆತವರಿದ್ದಾರೆ.

ಇನ್ನು ದಾಖಲೆ. ನಿಮ್ಮ ಇನ್‌ಚಾರ್ಜ್ ಬರೆದುಕೊಳ್ಳದೆ ಬಿಟ್ಟದ್ದು ಸಣ್ಣ ವಿಷಯವಲ್ಲ. ಘಟನೆ ನಡೆದ ದಿನ, ಸಮಯ, ಯಾವ ಸೂಜಿ, ಯಾರಿಗೆ ತಿಳಿಸಿದಿರಿ ಎನ್ನುವುದನ್ನೆಲ್ಲ ಬರೆದು ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಪತ್ರ ತೆಗೆದುಕೊಳ್ಳದಿದ್ದರೆ ಇಮೇಲ್ ಮಾಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂತಹ ಅವಘಡಗಳನ್ನೂ ಕೈಗೊಂಡ ಕ್ರಮಗಳನ್ನೂ ಆಸ್ಪತ್ರೆ ತನ್ನ ವಾರ್ಷಿಕ ವರದಿಯಲ್ಲಿ ತೋರಿಸಬೇಕು, ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು. ಗುತ್ತಿಗೆಯವರಿಗೂ ಇದು ಅನ್ವಯಿಸುತ್ತದೆ. ಕಾರ್ಮಿಕ ಪರಿಹಾರ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ, ಸೋಂಕಿನ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗುಲಿದ ಸಾಂಕ್ರಾಮಿಕ ರೋಗಗಳು ಸೇರಿವೆ. ಮುಂದೆ ಪಾಸಿಟಿವ್ ಬಂದು ನೀವು ಪರಿಹಾರ ಕೇಳುವ ಸಂದರ್ಭ ಬಂದರೆ, ‘ನಿನಗೆ ಇದು ಮೊದಲೇ ಇತ್ತು’ ಎಂಬ ಮಾತಿಗೆ ಉತ್ತರ ಕೊಡುವುದು ನಾಳೆಯ ಆ ನೆಗೆಟಿವ್ ವರದಿ. ಅದನ್ನು ಜೋಪಾನವಾಗಿಡಿ. ಪರೀಕ್ಷೆಗಳ ವೆಚ್ಚವನ್ನು ಆಸ್ಪತ್ರೆಯೇ ಭರಿಸಲಿ ಎಂದು ಅದೇ ಪತ್ರದಲ್ಲಿ ಕೇಳುವುದರಲ್ಲಿ ಸಂಕೋಚ ಬೇಡ.

ಕೆಲಸದ ವಿಷಯದಲ್ಲಿ, ಸೂಜಿ ಚುಚ್ಚಿದ ಕಾರಣಕ್ಕೆ ನಿಮ್ಮನ್ನು ಡ್ಯೂಟಿಯಿಂದ ದೂರವಿಡಬೇಕೆಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಸೋಂಕು ಖಚಿತವಾದ ನರ್ಸ್ ಕೂಡ ಎಂದಿನ ಮುನ್ನೆಚ್ಚರಿಕೆಗಳೊಂದಿಗೆ ಶುಶ್ರೂಷೆ ಮಾಡಬಹುದು, ಚಿಕಿತ್ಸೆ ಮುಗಿಸಿ ಗುಣವಾಗಬಹುದು.

ಘಟನೆ ನಡೆದ ರೀತಿಯನ್ನು ನೀವು ನಾಲ್ಕು ಸಾಲಿನಲ್ಲಿ ಬರೆದಿದ್ದೀರಿ. ಅದರಲ್ಲಿ ನಿಮ್ಮ ಅಜಾಗರೂಕತೆಗಿಂತ ವಾರ್ಡಿನ ವ್ಯವಸ್ಥೆಯ ಲೋಪವೇ ನನಗೆ ಹೆಚ್ಚು ಕಾಣುತ್ತದೆ. ಫಿಸ್ಟುಲಾ ಸೂಜಿಗೆ ರೆಕ್ಕೆಯೂ ಉದ್ದನೆಯ ಟ್ಯೂಬೂ ಇರುತ್ತವೆ. ಒಂದು ಕೈಯಲ್ಲಿ ಗಾಜ್ ಬಟ್ಟೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸೂಜಿ ಎಳೆದಾಗ ಸುತ್ತಿಕೊಂಡ ಟ್ಯೂಬು ಬಿಚ್ಚಿಕೊಳ್ಳುತ್ತಾ ಸೂಜಿಯ ಮೊನೆಯನ್ನು ಎತ್ತೆತ್ತಲೋ ತಿರುಗಿಸುತ್ತದೆ. ಅದನ್ನು ಟ್ರೇನಲ್ಲಿಟ್ಟು ಮೂಲೆಯ ಡಬ್ಬಿಯವರೆಗೆ ನಡೆಯಬೇಕಾಗಿ ಬಂದಾಗ ನಡುವೆ ಯಾರಾದರೂ ಕರೆದೇ ಕರೆಯುತ್ತಾರೆ, ಡಯಾಲಿಸಿಸ್ ವಾರ್ಡ್‌ನಲ್ಲಿ ಬಿಪಿ ಇಳಿಯುವುದು ದಿನನಿತ್ಯದ ಸಂಗತಿ. ಸೂಜಿ ಚುಚ್ಚಿ ತೂರದ ಬಿಳಿ ಡಬ್ಬಿ ಪ್ರತಿ ಬೆಡ್‌ನ ಬಳಿ, ಕೈಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು. ಮುಕ್ಕಾಲು ತುಂಬಿದ ಕೂಡಲೇ ಬದಲಾಗಬೇಕು. ಎಳೆಯುತ್ತಿದ್ದಂತೆ ಮೊನೆಯನ್ನು ಮುಚ್ಚಿಕೊಳ್ಳುವ ಕವಚವಿರುವ ಫಿಸ್ಟುಲಾ ಸೂಜಿಗಳೂ ಸಿಗುತ್ತವೆ. ನಿಮ್ಮ ಪತ್ರದಲ್ಲಿ ಈ ಮಾತನ್ನೂ ಸೇರಿಸಿ. ಒಬ್ಬರಿಗೆ ಚುಚ್ಚಿದ ಜಾಗದಲ್ಲಿ ಇನ್ನೊಬ್ಬರಿಗೂ ಚುಚ್ಚುತ್ತದೆ.

ಕೊನೆಯದಾಗಿ ಆ ರೋಗಿಯ ಬಗ್ಗೆ. ಫೈಲಿನ ಮೇಲೆ ಕೆಂಪು ಬರಹವಿರುವ ರೋಗಿಯನ್ನು ಬೇರೆಯವರು ಹೇಗೆ ನೋಡುತ್ತಾರೆ ಎಂದು ನಿಮಗೆ ಗೊತ್ತಿದೆ. ಆ ವ್ಯಕ್ತಿಗೆ ಸೋಂಕು ಬಂದದ್ದು ಯಾವುದಾದರೂ ಡಯಾಲಿಸಿಸ್ ಕೇಂದ್ರದಲ್ಲೇ ಆಗಿರಬಹುದು, ಗ್ಲೌಸ್ ಬದಲಿಸದ ಕೈ ಅಥವಾ ಹಲವರಿಗೆ ಹಂಚಿದ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಾಟಲಿಯಿಂದ. ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಸಿಕ್ಕರೆ ಚಿಕಿತ್ಸೆ ಬೇಕಾಗಿರುವುದು ಮೊದಲು ಅವರಿಗೆ. ಡಯಾಲಿಸಿಸ್‌ನಲ್ಲಿರುವವರಿಗೆ ಈ ಮಾತ್ರೆ ಕೊಡಬಾರದೆಂಬ ಹಳೆಯ ಹಿಂಜರಿಕೆ ಈಗಿಲ್ಲ. ಸೊಫೊಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಕೂಡಿದ ಮಾತ್ರೆಯನ್ನು ಅವರಿಗೂ ಕೊಡಬಹುದು. ಅವರು ಗುಣವಾದರೆ ವಾರಕ್ಕೆ ಎರಡು ಮೂರು ಸಲ ಅವರ ಕೈಗೆ ಸೂಜಿ ಹಾಕಿ ತೆಗೆಯುವ ನಿಮಗೂ ನಿಮ್ಮ ಸಹೋದ್ಯೋಗಿಗಳಿಗೂ ಈ ಅಪಾಯವೇ ಇರುವುದಿಲ್ಲ. ಆದ್ದರಿಂದ ನೆಫ್ರಾಲಜಿಸ್ಟ್ ಅವರ ಬಳಿ ಹೋದಾಗ ನಿಮ್ಮ ರಕ್ತಪರೀಕ್ಷೆಯ ಚೀಟಿಯ ಜೊತೆಗೆ ಆ ರೋಗಿಯ ವೈರಲ್ ಲೋಡ್ ಚೀಟಿಯನ್ನೂ ಬರೆಸಿಕೊಂಡು ಬನ್ನಿ.